ಒಂದು ಮರಕ್ಕೆ ಒಂದು ತಲೆ

ಜಪಾನಿನ ‘ಕಾಡುಸ್ನಾನ’, ಅಂದರೆ ಕಾಡಿನಲ್ಲಿ ಸುಮ್ಮನೆ ಅಡ್ಡಾಡುವುದು, ಈಗ ನಮ್ಮ ಮಲೆನಾಡಿನ ರೆಸಾರ್ಟುಗಳ ದರಪಟ್ಟಿಗೂ ಹತ್ತಿದೆ. ಯಾವುದೋ ಋಷಿಗಳ ಕಾಲದ್ದು ಎಂಬಂತೆ ಮಾರುತ್ತಾರೆ. ಅಸಲಿಗೆ ಅದು 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆಯ ಮುಖ್ಯಸ್ಥ ತೊಮೊಹಿದೆ ಅಕಿಯಾಮಾ ಇಟ್ಟ ಹೆಸರು. ಹೊರದೇಶದ ಅಗ್ಗದ ನಾಟಾ ಬಂದು ಸರ್ಕಾರಿ ಕಾಡುಗಳ ಲೆಕ್ಕ ಆಗಲೇ ನಷ್ಟಕ್ಕಿಳಿದಿತ್ತು. ನಾಟಾ ಡಿಪೋ ಗುಮಾಸ್ತರ ಮಗನಾದ ನನಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ: ಮರ ಗಿಟ್ಟದಿದ್ದರೆ ನೆರಳನ್ನಾದರೂ ಮಾರಬೇಕಲ್ಲ!

ಅದೇ ವರ್ಷ ಮೊದಲ ಕಾಡುಸ್ನಾನದ ಕೂಟ ನಡೆದದ್ದು ನಗಾನೊ ಪ್ರಾಂತದ ಕಿಸೋ ಕಣಿವೆಯಲ್ಲಿ, ಅಕಸಾವಾ ಎಂಬ ಹಿನೋಕಿ ಮರಗಳ ಕಾಡಿನಲ್ಲಿ. ಮರಗಳಿಗೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಾಯ, ಮುನ್ನೂರು ವರ್ಷ ದಾಟಿದೆ. ಕಾರಣವಿದೆ. ಹದಿನೇಳನೇ ಶತಮಾನದ ಮೊದಲಲ್ಲಿ ಕೋಟೆಗಳಿಗೆ, ಪೇಟೆಗಳಿಗೆ ಕಡಿದು ಕಡಿದು ಕಣಿವೆ ಬೋಳಾಯಿತು. ಬೆಚ್ಚಿದ, ಕಣಿವೆಯನ್ನು ಆಳುತ್ತಿದ್ದ ಒವಾರಿಯ ದೊರೆಗಳು 1665ರಲ್ಲಿ ಬಿಗಿ ಕಟ್ಟುಪಾಡು ತಂದು ಕಾಡು ಮುಚ್ಚಿದರು. ಕಡಿದ ಒಂದು ಹಿನೋಕಿಗೆ ಕಡಿದವನ ಒಂದು ತಲೆ ಎಂಬ ಮಾತು ಆ ಕಡೆ ಇಂದಿಗೂ ಉಳಿದಿದೆ. ಈಗ ನಿಂತಿರುವ ಮರಗಳು ಆ ಭಯದಲ್ಲಿ ಬೆಳೆದವು. ನಮ್ಮಲ್ಲಿ ಇಂಥ ಭಯ ಉಲ್ಟಾ ಹೊಡೆಯಿತು: ಟಿಪ್ಪು ರಾಜವೃಕ್ಷವೆಂದು ಸಾರಿದ ಗಂಧ ನಮ್ಮ ಹಿತ್ತಿಲಲ್ಲಿ ತಾನಾಗಿ ಹುಟ್ಟಿದರೂ ಸರ್ಕಾರದ್ದೇ ಆಗಿತ್ತು. ಕಚೇರಿಗೆ ಅಲೆಯುವ ರಗಳೆ ಬೇಡವೆಂದು ನಮ್ಮಜ್ಜಿ ಸಸಿ ಕಂಡಲ್ಲೇ ಕಿತ್ತೆಸೆಯುತ್ತಿದ್ದರು.

ಔಷಧಗುಣದ ಮಾತು ಬಂದದ್ದು ಹೆಸರಿಟ್ಟ ಮೇಲೆ. 2005ರಲ್ಲಿ ಚಿಂಗ್ ಲಿ ಎಂಬ ವೈದ್ಯ ಟೋಕಿಯೋದ ಹನ್ನೆರಡು ಗಂಡಸರನ್ನು ಈಯಾಮಾದ ಕಾಡಿನಲ್ಲಿ ಮೂರು ದಿನ ಅಡ್ಡಾಡಿಸಿ ರಕ್ತ ಪರೀಕ್ಷಿಸಿದರು. ರೋಗದ ಜೊತೆ ಹೋರಾಡುವ ಕೋಶಗಳು ಚುರುಕಾಗಿದ್ದವು. ಹನ್ನೆರಡೇ ಜನ ಅನ್ನುವುದನ್ನು ರೆಸಾರ್ಟಿನವರು ಹೇಳುವುದಿಲ್ಲ.

ಅಕಸಾವಾದಲ್ಲಿ ಕೊಡಲಿ ಪೂರ್ತಿ ನಿಂತಿಲ್ಲ. ಇಸೆಯ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಬೇಕು. 1993ರ ಗುಡಿಗೆ ಇಲ್ಲಿ ಮರ ಬಿದ್ದದ್ದು 1985ರಲ್ಲಿ. ಗರಗಸ ಮುಟ್ಟಿಸುವಂತಿಲ್ಲ. ಬುಡಕ್ಕೆ ಮೂರು ಕಡೆಯಿಂದ ಕೊಡಲಿ ಹಾಕಿ, ತಿರುಳು ಟೊಳ್ಳು ಮಾಡಿ, ಮೂರು ಕಾಲಿನ ಮೇಲೆ ಮರ ನಿಲ್ಲಿಸುತ್ತಾರೆ. ಕೊನೆಗೆ ಒಂದು ಕಾಲು ಕಡಿದರೆ ಬೇಕಾದ ದಿಕ್ಕಿಗೇ ಉರುಳುತ್ತದೆ. ಆಮೇಲೆ ಅದೇ ಮರದ ತುದಿಯ ಚಿಗುರನ್ನು ಕೊರಡಿನ ಮೇಲೆ ನೆಡುತ್ತಾರೆ.

ನಾಟಾ ಸಾಗಿಸಲು 1916ರಲ್ಲಿ ಇಲ್ಲಿಗೆ ಬಂದ ಪುಟ್ಟ ರೈಲು ನಿಂತೇಹೋಗಿತ್ತು. 1987ರಿಂದ ಒಂದು ಕಿಲೋಮೀಟರ್ ಚಿಲ್ಲರೆ ದೂರಕ್ಕೆ ಸ್ನಾನಾರ್ಥಿಗಳನ್ನು ಹೊರುತ್ತಿದೆ. ಚಳಿಗಾಲದಲ್ಲಿ ಬಂದ್.