ಮ್ಯಾಕ್‌ಫರ್ಸನ್–ಬ್ಯೂಕ್ ಮೊಕದ್ದಮೆ

ಮ್ಯಾಕ್‌ಫರ್ಸನ್–ಬ್ಯೂಕ್ ಮೊಕದ್ದಮೆಯು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯವಾದ ಕೋರ್ಟ್ ಆಫ್ ಅಪೀಲ್ಸ್ ೧೯೧೬ರ ಮಾರ್ಚ್ ೧೪ರಂದು ತೀರ್ಮಾನಿಸಿದ ಪ್ರಕರಣವಾಗಿದೆ. ದೋಷಯುಕ್ತ ಬಿಡಿಭಾಗದಿಂದ ಗಾಯಗೊಂಡ ವ್ಯಕ್ತಿಯು, ತನ್ನೊಡನೆ ನೇರ ಒಪ್ಪಂದವಿಲ್ಲದ ವಾಹನ ತಯಾರಕರಿಂದಲೂ ಪರಿಹಾರ ಪಡೆಯಬಹುದೆಂಬ ತತ್ತ್ವವನ್ನು ಇದು ಸ್ಥಾಪಿಸಿತು.

ಹಿನ್ನೆಲೆ

ಇಂಗ್ಲೆಂಡಿನಲ್ಲಿ ೧೮೪೨ರ ವಿಂಟರ್‌ಬಾಟಮ್–ರೈಟ್ ಪ್ರಕರಣದಲ್ಲಿ, ಕೆಟ್ಟ ಅಂಚೆಗಾಡಿಯಿಂದ ಗಾಯಗೊಂಡ ಚಾಲಕನಿಗೆ ಪರಿಹಾರ ದೊರೆಯಲಿಲ್ಲ. ಗಾಡಿ ಒದಗಿಸಿದವನ ಒಪ್ಪಂದವಿದ್ದುದು ಅಂಚೆ ಇಲಾಖೆಯೊಡನೆಯೇ ಹೊರತು ಚಾಲಕನೊಡನೆ ಅಲ್ಲ ಎಂಬುದು ಅದಕ್ಕೆ ಕಾರಣ. ೧೮೫೨ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಇದಕ್ಕೊಂದು ಅಪವಾದವನ್ನು ಒಪ್ಪಿತು. ಔಷಧದ ಹೆಸರಿನ ಚೀಟಿ ಅಂಟಿಸಿದ್ದ ವಿಷವನ್ನು ಸೇವಿಸಿದವರಿಗೆ, ಅದನ್ನು ತಯಾರಿಸಿದವನೇ ಹೊಣೆಯೆಂದು ತೀರ್ಪಿತ್ತಿತು.

ಪ್ರಕರಣ

ಬ್ಯೂಕ್ ಕಂಪನಿಯು ಕಾರನ್ನು ವರ್ತಕನಿಗೆ ಮಾರಿತ್ತು. ಮ್ಯಾಕ್‌ಫರ್ಸನ್ ಅದನ್ನು ವರ್ತಕನಿಂದ ಕೊಂಡಿದ್ದರು. ಚಲಿಸುತ್ತಿದ್ದಾಗ ಒಂದು ಚಕ್ರದ ಮರದ ಕಡ್ಡಿಗಳು ಪುಡಿಯಾಗಿ ಕಾರು ಕುಸಿಯಿತು. ಅವರು ಹೊರಗೆಸೆಯಲ್ಪಟ್ಟು ಗಾಯಗೊಂಡರು. ಚಕ್ರವನ್ನು ಬ್ಯೂಕ್ ತಾನೇ ತಯಾರಿಸದೆ ಬೇರೊಂದು ಸಂಸ್ಥೆಯಿಂದ ಕೊಂಡು ಜೋಡಿಸಿತ್ತು. ತಕ್ಕ ತಪಾಸಣೆ ನಡೆಸಿದ್ದರೆ ದೋಷವು ಪತ್ತೆಯಾಗುತ್ತಿತ್ತೆಂಬುದಕ್ಕೂ ಅಂತಹ ತಪಾಸಣೆ ನಡೆದಿರಲಿಲ್ಲವೆಂಬುದಕ್ಕೂ ಸಾಕ್ಷ್ಯವಿತ್ತು.

ತೀರ್ಪು

ಬಹುಮತದ ತೀರ್ಪನ್ನು ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಬರೆದರು. ನಿರ್ಲಕ್ಷ್ಯದಿಂದ ತಯಾರಾದರೆ ಪ್ರಾಣಾಪಾಯ ತರುವುದು ಬಹುತೇಕ ಖಚಿತವಾಗಿರುವ ಯಾವುದೇ ವಸ್ತುವೂ ಅಪಾಯಕಾರಿಯೇ. ವಿಷಕ್ಕೆ ಮಾತ್ರ ಈ ನಿಯಮ ಸೀಮಿತವಲ್ಲ. ಕೊಂಡವನಲ್ಲದೆ ಇತರರೂ ಅದನ್ನು ಮರುಪರೀಕ್ಷಿಸದೆ ಬಳಸುವರೆಂದು ತಯಾರಕನಿಗೆ ತಿಳಿದಿದ್ದರೆ, ಒಪ್ಪಂದವಿರಲಿ ಇಲ್ಲದಿರಲಿ, ಎಚ್ಚರದಿಂದ ತಯಾರಿಸುವ ಕರ್ತವ್ಯ ಅವನದು. ಕಾರನ್ನು ಸ್ವತಃ ಬಳಸದ ವರ್ತಕನಿಗೆ ಮಾತ್ರ ಕಾನೂನಿನ ರಕ್ಷಣೆಯಿದ್ದು, ಅದರಲ್ಲಿ ಪ್ರಯಾಣಿಸುವವರಿಗೆ ಇಲ್ಲವೆನ್ನುವುದು ಅಸಂಗತವೆಂದು ಅವರು ವಾದಿಸಿದರು. ಚಕ್ರವನ್ನು ಬೇರೆಡೆಯಿಂದ ಕೊಂಡ ಮಾತ್ರಕ್ಕೆ, ಸಿದ್ಧ ವಾಹನದ ತಪಾಸಣೆಯ ಹೊಣೆಯಿಂದ ಬ್ಯೂಕ್ ಮುಕ್ತವಾಗಲಿಲ್ಲ. ಮುಖ್ಯ ನ್ಯಾಯಾಧೀಶ ವಿಲ್ಲರ್ಡ್ ಬಾರ್ಟ್ಲೆಟ್ ಭಿನ್ನಮತ ದಾಖಲಿಸಿದರು.

ಮಿತಿ ಮತ್ತು ಪರಿಣಾಮ

ಈ ತೀರ್ಪಿನ ನಂತರವೂ ಗಾಯಾಳುವು ತಯಾರಕನ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಿತ್ತು. ಕಾರ್ಖಾನೆಯೊಳಗೆ ನಡೆದುದನ್ನು ಸಾಮಾನ್ಯ ಗ್ರಾಹಕನು ತೋರಿಸಿಕೊಡುವುದು ಕಷ್ಟಸಾಧ್ಯವಾಗಿತ್ತು. ೧೯೬೩ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ಗ್ರೀನ್‌ಮನ್ ಪ್ರಕರಣದಲ್ಲಿ, ನಿರ್ಲಕ್ಷ್ಯ ಸಾಬೀತಾಗದಿದ್ದರೂ ದೋಷಯುಕ್ತ ಉತ್ಪನ್ನಕ್ಕೆ ತಯಾರಕನೇ ಹೊಣೆಯೆಂದಿತು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ೧೯೩೨ರ ಡಾನಹ್ಯೂ–ಸ್ಟೀವನ್‌ಸನ್ ತೀರ್ಪಿನಲ್ಲಿ ಕಾರ್ಡೋಜೊ ಅವರ ವಿವೇಚನೆಯನ್ನು ಉಲ್ಲೇಖಿಸಿತು.

ಭಾರತದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ, ೨೦೧೯ರ ಆರನೆಯ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಗೆ ಮೀಸಲಾಗಿದೆ. ತಯಾರಿಕೆಯ ದೋಷ ಹಾಗೂ ವಿನ್ಯಾಸದ ದೋಷಗಳಿಂದಾದ ಹಾನಿಗೆ ತಯಾರಕರ ವಿರುದ್ಧ ಪರಿಹಾರ ಕೋರಲು ಅದು ಅವಕಾಶ ನೀಡುತ್ತದೆ.