ತೊಗಲಿನ ತೆಪ್ಪ, ಫೈಬರ್ ತೆಪ್ಪ: ಕಾವೇರಿ ದಾಟಿದ ಎರಡು ದೋಣಿಗಳ ಕಥೆ

ಮದ್ದೂರಲ್ಲಿ ವಡೆ ತಿಂದು, ಮಳವಳ್ಳಿ ದಾಟಿ, ಗಗನಚುಕ್ಕಿಗೋ ಮುತ್ತತ್ತಿಗೋ ಹೋಗಿ ಬಂದೋರು ನಿಮ್ಮಲ್ಲಿ ತುಂಬ ಜನ ಇರ್ತೀರಿ. ಕಾವೇರಿ ಹೊಳೆಯಲ್ಲಿ ಎಲ್ಲಾದರೂ ದುಂಡನೆಯ ತೆಪ್ಪದಲ್ಲಿ ಕೂತು, ಗಿರಗಿರ ತಿರುಗಿಸಿಕೊಂಡು, ಒಂದು ರೀಲ್ಸ್ ಕೂಡ ಮಾಡಿರ್ತೀರಿ. ಪುಸ್ತಕದಲ್ಲಿ ಅದಕ್ಕೆ ಹರಿಗೋಲು ಅಂತಾರೆ. ನಮ್ಮ ಕಡೆ ಬಾಯಲ್ಲಿ ತೆಪ್ಪ. ಈಗ ಹೇಳಿ, ನೀವು ಕೂತಿದ್ದು ಬಿದಿರಿನದಾ, ಫೈಬರ್‌ದಾ? ನೆನಪಿಲ್ಲ ಅಲ್ವಾ? ಇವತ್ತು ಮಾತಾಡಬೇಕಿರೋದು ಅದೇ ವ್ಯತ್ಯಾಸದ ಬಗ್ಗೆ.

ಹಳೇದರಿಂದ ಶುರು ಮಾಡೋಣ. ಸುಮಾರು 500 ವರ್ಷದ ಹಿಂದೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದಿದ್ದ. ಅಲ್ಲಿನ ಹೊಳೆಯಲ್ಲಿ ಬುಟ್ಟಿಯಂಥ ದೋಣಿಗಳನ್ನು ನೋಡಿದ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುತ್ತೆ, ನೆಟ್ಟಗೆ ಹೋಗೋದೇ ಇಲ್ಲ, ತಿರುಗ್ತಾನೇ ಇರುತ್ತೆ ಅಂತ ಬರೆದಿಟ್ಟ. ನೀವು ಮಾಡಿದ ರೀಲ್ಸೇ, ಕ್ಯಾಮೆರಾ ಇಲ್ಲ ಅಷ್ಟೆ. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿನ ದುಂಡು ತೊಗಲ ದೋಣಿಗಳ ಬಗ್ಗೆ ಬರೆದಿದ್ದಾನೆ. ಅಲ್ಲಿ ಸರಕು ಮಾರಿದ ಮೇಲೆ ಚೌಕಟ್ಟನ್ನೂ ಮಾರಿಬಿಟ್ಟು, ತೊಗಲನ್ನು ಕತ್ತೆ ಮೇಲೆ ಹೇರಿಕೊಂಡು ನಡೆದೇ ಊರಿಗೆ ವಾಪಸ್ ಹೋಗ್ತಿದ್ದರಂತೆ. ಹೊಳೆ ಎದುರಿಗೆ ದೋಣಿ ನಡೆಸೋಕೆ ಆಗಲ್ಲವಲ್ಲ!

ಯಾಕೆ ದುಂಡಗೆ? ನಮ್ಮ ಕಾವೇರಿಯಲ್ಲಿ ಬಂಡೆ ಜಾಸ್ತಿ, ಬೇಸಿಗೆಯಲ್ಲಿ ನೀರು ಕಮ್ಮಿ. ಚೂಪು ಮೂತಿಯ, ಕೆಳಗೆ ಆಳವಾಗಿ ಇಳಿದಿರೋ ದೋಣಿ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ತೆಪ್ಪಕ್ಕೆ ಹಾಯಿ ಇಲ್ಲ, ಚುಕ್ಕಾಣಿ ಇಲ್ಲ, ಹಿಂದೆ ಮುಂದೆ ಅನ್ನೋದೇ ಇಲ್ಲ. ತಳ ಚಪ್ಪಟೆ, ಗೇಣುದ್ದ ನೀರಿದ್ದರೂ ತೇಲುತ್ತೆ. ಬಂಡೆಗೆ ತಾಕಿದ್ರೆ ತಿರುಗಿ ಪಕ್ಕಕ್ಕೆ ಜಾರುತ್ತೆ. ನೆಟ್ಟಗೆ ಹೋಗಬೇಕು ಅಂದ್ರೆ ಅಂಬಿಗ ಒಂದೇ ಹುಟ್ಟಲ್ಲಿ ಎದುರಿನ ನೀರನ್ನು ತನ್ನ ಕಡೆಗೆ ಎಳ್ಕೋಬೇಕು. ನೋಡೋಕೆ ಸುಲಭ. ಒಂದ್ಸಲ ಕೈಗೆ ತಗೊಂಡು ನೋಡಿ, ಗೊತ್ತಾಗುತ್ತೆ.

ತೊಗಲಿನ ತೆಪ್ಪಕ್ಕೆ ಬಿದಿರಿನ ದಬ್ಬೆ ಹೆಣೆದು, ಮೇಲೆ ದನದ್ದೋ ಎಮ್ಮೆಯದ್ದೋ ತೊಗಲು ಬಿಗೀತಿದ್ರು. ತೊಗಲು ನೀರಲ್ಲೇ ಬಿದ್ದಿದ್ರೆ ಕೊಳೆಯುತ್ತೆ. ಹಾಗಾಗಿ ದಿನದ ಕೆಲಸ ಮುಗಿದ ಮೇಲೆ ದಡಕ್ಕೆ ಎಳೆದು ಬೋರಲು ಹಾಕಿ ಒಣಗಿಸಲೇಬೇಕು. ಇನ್ನೊಂದು ವಿಷಯ ನನಗೆ ಯಾವಾಗಲೂ ತಮಾಷೆ ಅನ್ಸುತ್ತೆ. ಮಡಿ ಮೈಲಿಗೆ ಅಂತ ಮಾರುದ್ದ ದೂರ ನಿಲ್ತಿದ್ದ ಕಾಲದಲ್ಲೂ, ಹೊಳೆ ದಾಟಬೇಕು ಅಂದ್ರೆ ಯಾರೇ ಆದ್ರೂ ತೊಗಲಿನ ಮೇಲೇ ಕೂರಬೇಕಿತ್ತು. ಆ ತೊಗಲು ಹದ ಮಾಡಿದೋರ ಕೈ ಮುಟ್ಟೋ ಹಾಗಿರಲಿಲ್ಲ, ದೋಣಿ ಮಾತ್ರ ಬೇಕಿತ್ತು.

ಈ ಬುಟ್ಟಿ ದೋಣಿ ಸೈನ್ಯಕ್ಕೂ ಬೇಕಾಯ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ಆರ್ಥರ್ ವೆಲ್ಲೆಸ್ಲಿ ಕೈಗೆ ಬಂತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ್ನಲ್ಲ, ಅದೇ ಮನುಷ್ಯ. 1803ರಲ್ಲಿ ಮರಾಠರ ಸೀಮೆಗೆ ದಂಡು ಕರ್ಕೊಂಡು ಹೋಗುವಾಗ ಹೊಳೆ ದಾಟೋಕೆ ಆತ ಮಾಡಿಸಿದ್ದು ಇದೇ ಥರದ ತೊಗಲು ಹೊದಿಸಿದ ತೆಪ್ಪಗಳನ್ನು. ಬೇಕಾದ ಸಾಮಾನು ಹೊಳೆ ದಡದಲ್ಲೇ ಸಿಗ್ತಿತ್ತು. ಮರುವರ್ಷ, 1804ಕ್ಕೆ, ದಿವಾನ್ ಪೂರ್ಣಯ್ಯ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಸಿದ್ಧವಾಯ್ತು. ಅದಕ್ಕೂ ವೆಲ್ಲೆಸ್ಲಿ ಅಂತಲೇ ಹೆಸರು, ಆದ್ರೆ ಅದು ಆರ್ಥರ್ ಅಲ್ಲ, ಗವರ್ನರ್ ಜನರಲ್ ಆಗಿದ್ದ ಅವನ ಅಣ್ಣನ ಹೆಸರು. ಸೇತುವೆ ಬಂದ ಕಡೆಯೆಲ್ಲ ಅಂಬಿಗನ ಕೂಲಿ ಹೋಗುತ್ತೆ. ಅದರ ಬಗ್ಗೆ ಯಾರೂ ಕಲ್ಲಲ್ಲಿ ಬರೆಸಲ್ಲ.

ಆಮೇಲೆ ತೊಗಲು ಹೋಯ್ತು, ಪ್ಲಾಸ್ಟಿಕ್ ಬಂತು. ಗೊಬ್ಬರದ ಚೀಲ, ಟಾರ್ಪಾಲು ಹೊಲಿದು, ಬಿದಿರಿನ ಮೇಲೆ ಹೊದಿಸಿ, ಬಿಸಿ ಟಾರು ಬಳಿದ್ರೆ ತೆಪ್ಪ ರೆಡಿ. ನನ್ನ ಪ್ರಕಾರ ನಿಜವಾದ ಕ್ರಾಂತಿ ಇದೇ, ಫೈಬರ್ ಅಲ್ಲ. ಒಣಗಿಸೋ ಕಷ್ಟ ತಪ್ಪಿತು, ಖರ್ಚೂ ಇಳಿಯಿತು, ಆದ್ರೂ ತೆಪ್ಪ ಮಾಡೋ ಕೆಲಸ ಅಂಬಿಗನ ಕೈಯಲ್ಲೇ ಉಳೀತು. ತೂತಾದ್ರೆ ಒಂದು ತುಂಡು ಚೀಲ, ಒಂದು ಡಬ್ಬ ಟಾರು, ನಾಲ್ಕು ಸೌದೆ, ಮಧ್ಯಾಹ್ನದೊಳಗೆ ಮತ್ತೆ ನೀರಿಗೆ.

ಫೈಬರ್ ತೆಪ್ಪಕ್ಕೆ ಗೆದ್ದಲು ಹಿಡಿಯಲ್ಲ, ಟಾರು ಬೇಡ, ಪ್ರವಾಸಿಗರ ಬಟ್ಟೆಗೆ ಕರಿ ಅಂಟಲ್ಲ. ಕೂರೋರಿಗೆ ಅದೇ ವಾಸಿ, ಒಪ್ಕೊಳ್ತೀನಿ. ಆದ್ರೆ ಬಂಡೆ ಹೊಡೆದಾಗ ಬಿದಿರು ಬಾಗುತ್ತೆ, ಫೈಬರ್ ಸೀಳುತ್ತೆ. ಸೀಳಿದ್ದನ್ನು ಮುಚ್ಚೋಕೆ ರೆಸಿನ್ ಬೇಕು, ಅದು ಪೇಟೆಯಿಂದ ಬರಬೇಕು. ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ಹೊಳೆಗೆ ಇಳಿಯೋ ಹಾಗಿಲ್ಲ, ಬರ ಬಿದ್ದಾಗ ನೀರೇ ಇರಲ್ಲ. ದುಡಿಮೆ ಸಿಗೋ ವಾರಗಳೇ ಕಮ್ಮಿ ಇರೋವಾಗ, ಶನಿವಾರ ಒಡೆದ ತೆಪ್ಪ ಭಾನುವಾರಕ್ಕೆ ಸರಿಹೋಗುತ್ತಾ ಇಲ್ವಾ ಅನ್ನೋದು ಮನೆ ಖರ್ಚಿನ ಪ್ರಶ್ನೆ.

ಮಳವಳ್ಳಿ ಕಡೆ ಹೊಳೆ ದಡದಲ್ಲಿ ಒಬ್ಬ ಹಿರಿಯ ಅಂಬಿಗರನ್ನು ಕೇಳಿದ್ದೆ, ಯಜಮಾನ್ರೇ, ಇವೆರಡರಲ್ಲಿ ಯಾವುದು ವಾಸಿ ಅಂತ. ಫೈಬರ್ ತೆಪ್ಪದ ಅಂಚಿನ ಮೇಲೆ ಕೂತಿದ್ರು. "ಜನ ಕೂರ್ಸಕ್ಕೆ ಇದೇ ಕಣಪ್ಪ. ಮೀನಿಗೆ ಹೋಗದಾದ್ರೆ ಬಿದ್ರುದ್ದೇ. ಇದ್ರಲ್ಲಿ ಹುಟ್ಟು ತಾಕುದ್ರೆ ಡಬ್ ಅಂತದೆ, ಮೀನು ಓಡೋಯ್ತದೆ" ಅಂದ್ರು. ಬಿದಿರಿನ ತೆಪ್ಪ ಹೆಣೆಯೋಕೆ ಮನೇಲಿ ಇನ್ಯಾರಿಗೆ ಬರುತ್ತೆ ಅಂತ ಕೇಳಿದೆ. ಮಗ ಬೆಂಗಳೂರಲ್ಲಿ ಗಾಡಿ ಓಡಿಸ್ತಾನೆ ಅಂದ್ರು. ಅಷ್ಟರಲ್ಲಿ ಆರು ಜನರ ಒಂದು ಗುಂಪು ಬಂತು. ಎದ್ದು ಲೈಫ್ ಜಾಕೆಟ್ ಎಣಿಸೋಕೆ ಹೋದ್ರು.