ಹಳೆಯ ಹಡಗು, ಹೊಸ ಹಡಗು

ಹಳೆಯ ಹಡಗನ್ನು ಮಾರಿ ಹೊಸದನ್ನು ಕಟ್ಟಿಸುವುದು ನೌಕಾಪಡೆಗಳ ವಾಡಿಕೆ. ಹಳೆಯದು ಹೋಗಿ ಹೊಸದು ಬರುವ ನಡುವಣ ಕಾಲದಲ್ಲಿ ಎಂಥ ಅಪಾಯ ಅಡಗಿರಬಲ್ಲುದೆಂಬುದಕ್ಕೆ ಬ್ರಿಟಿಷ್ ನೌಕಾಪಡೆಯ ಚರಿತ್ರೆಯೇ ಸಾಕ್ಷಿ.

‘ಹರ್ಮೀಸ್’ ಎಂಬ ವಿಮಾನವಾಹಕ ನೌಕೆಯ ನಿರ್ಮಾಣ ಆರಂಭವಾದದ್ದು 1944ರಲ್ಲಿ; ಅದು ಸೇವೆಗೆ ಸೇರಿದ್ದು 1959ರಲ್ಲಿ. ಮುಂದೆ ಕಟ್ಟಬೇಕೆಂದಿದ್ದ ದೊಡ್ಡ ವಿಮಾನವಾಹಕದ ಯೋಜನೆಯನ್ನು ಸರ್ಕಾರವು ವೆಚ್ಚಕ್ಕೆ ಅಂಜಿ 1966ರಲ್ಲಿ ಕೈಬಿಟ್ಟಿತು. 1981ರಲ್ಲಿ ರಕ್ಷಣಾಮಂತ್ರಿ ಜಾನ್ ನಾಟ್ ಮತ್ತಷ್ಟು ಕಡಿತವನ್ನು ಸೂಚಿಸಿದರು. ಹರ್ಮೀಸಿಗೆ ನಿವೃತ್ತಿಯೆಂದೂ, 1980ರಲ್ಲಷ್ಟೆ ಸೇವೆಗೆ ಬಂದಿದ್ದ ‘ಇನ್ವಿನ್ಸಿಬಲ್’ ಆಸ್ಟ್ರೇಲಿಯಕ್ಕೆ ಮಾರಾಟವೆಂದೂ ಗೊತ್ತಾಯಿತು.

ಅಷ್ಟರಲ್ಲಿ, 1982ರ ಏಪ್ರಿಲ್ 2ರಂದು, ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟಿಷರ ಆಡಳಿತದಲ್ಲಿದ್ದ ಫಾಕ್‌ಲೆಂಡ್ ದ್ವೀಪಗಳಿಗೆ ಅರ್ಜೆಂಟೀನದ ಸೈನ್ಯ ನುಗ್ಗಿತು. ಮೂರೇ ದಿನಗಳಲ್ಲಿ ಪೋರ್ಟ್ಸ್‌ಮತ್ ಬಂದರಿನಿಂದ ಹೊರಟ ವಿಮಾನವಾಹಕಗಳು ಇವೇ ಎರಡು! ಎಂಟು ಸಾವಿರ ಮೈಲಿಗಳಾಚೆ ದಂಡಿಗೆ ಆಕಾಶದ ರಕ್ಷೆ ಒದಗಿಸಿದವು ಇವುಗಳಿಂದ ಹಾರಿದ ಹ್ಯಾರಿಯರ್ ವಿಮಾನಗಳು. ಯುದ್ಧ ಮುಗಿದೊಡನೆ ಇನ್ವಿನ್ಸಿಬಲ್ ಮಾರಾಟ ರದ್ದಾಯಿತು.

ಹರ್ಮೀಸ್ 1987ರಲ್ಲಿ ‘ವಿರಾಟ್’ ಎಂಬ ಹೆಸರಿನಿಂದ ನಮ್ಮ ನೌಕಾಪಡೆಯನ್ನು ಸೇರಿ 2017ರ ಮಾರ್ಚ್‌ವರೆಗೆ ದುಡಿಯಿತು. ಬ್ರಿಟಿಷರ ಕಡೆ 2014ರಲ್ಲಿ ‘ಇಲಸ್ಟ್ರಿಯಸ್’ ನಿವೃತ್ತವಾದ ಮೇಲೆ, 65,000 ಟನ್ನಿನ ‘ಕ್ವೀನ್ ಎಲಿಜಬೆತ್’ 2017ರ ಡಿಸೆಂಬರಿನಲ್ಲಿ ಸೇವೆಗೆ ಬರುವವರೆಗೆ, ವಿಮಾನವಾಹಕವೇ ಇರಲಿಲ್ಲ. ಆ ಮೂರು ವರ್ಷ ನೆಮ್ಮದಿಯಾಗಿ ಕಳೆದದ್ದು ಅದೃಷ್ಟ.

ಹರ್ಮೀಸನ್ನು ಕಟ್ಟಲು ಹದಿನೈದು ವರ್ಷ ಹಿಡಿದಿತ್ತು; ಯುದ್ಧ ಕೊಟ್ಟ ಬಿಡುವು ಮೂರು ದಿನ.